ಪಾದ್ರಿ ಮಡುವಿನ ಮೂರನೆಯವನು

೧೯೮೧, ಅಕ್ಟೋಬರ್ ೧೭, ಶನಿವಾರ. ನನ್ನ ಡೈರಿಯಲ್ಲಿರುವುದು ಇಷ್ಟು: "ಚಳಿ. ಮೋಡ. ನದಿ ಇಳಿದಿದೆ. ಟ್ರೌಟ್ ಮೀನಿನ ಹಂಗಾಮಿನ ಕೊನೆಯ ರಾತ್ರಿ. ಇದ್ವಾಲ್, ಮೈರಿಗ್ ಮಡುವಿಗೆ ಹೋದರು." ಮಿಕ್ಕದ್ದನ್ನು ಮಾರನೆಯ ದಿನ ಇದ್ವಾಲನೇ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ. ಹೇಳಿದ ಹಾಗೇ ಬರೆದುಕೊಂಡಿದ್ದೇನೆ.

ಇದ್ವಾಲ್ ನನ್ನ ಚಿಕ್ಕಮ್ಮನ ಮಗ. ಮೈರಿಗ್ ಅವನ ತಂಗಿ ಮೆರೆರಿದಳ ಗಂಡ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಅಣ್ಣಾ, ಇವರಿಗೆ ಈಜು ಬರಲ್ಲ. ಜೋಪಾನವಾಗಿ ಕರ್ಕೊಂಡು ಬಾ," ಅಂದಳು.

"ಮೀನಿಗೆ ಬರತ್ತಲ್ಲ, ಬಿಡೇ," ಅಂದ ಮೈರಿಗ್.

ರಸ್ತೆಯ ಬದಿ ಕಾರು ನಿಲ್ಲಿಸಿ, ಹಾಳುಬಾವಿ ದಾಟಿ, ಇಬ್ಬರೂ ನದಿಗಿಳಿದರು. ಹತ್ತು ಹೊಡೆದಿತ್ತು. ಸಮುದ್ರದಿಂದ ಏರಿ ಬರುವ ದೊಡ್ಡ ಟ್ರೌಟನ್ನು ನಾವು ಕತ್ತಲಲ್ಲೇ ಹಿಡಿಯುವುದು. ನೀರಿಗೆ ಬೆಳಕು ಬೀಳಬಾರದು. ಮಾತೆಲ್ಲ ಪಿಸುದನಿಯಲ್ಲಿ. ಸಾಲಿನಲ್ಲಿ ನಿಲ್ಲಬೇಕು... ಗಾಳಕ್ಕೆ ಕಟ್ಟಿದ ಪುಕ್ಕದ ಹುಸಿಹುಳವನ್ನು ಒಂದು ಸಲ ಬೀಸಿದರೆ ಹೊಳೆಯಗುಂಟ ಒಂದು ಹೆಜ್ಜೆ ಕೆಳಗೆ. ಹಿಂದಿನವನಿಗೆ ಜಾಗ ಬಿಡದೆ ನಿಂತವನನ್ನು ನಮ್ಮಲ್ಲಿ ಯಾರೂ ಮರ್ಯಾದಸ್ಥ ಅನ್ನುವುದಿಲ್ಲ. ಪಾದ್ರಿ ಮಡುವಿನಲ್ಲಿ ನಲವತ್ತು ಹೆಜ್ಜೆಗೆ ದಡ ಹತ್ತಬೇಕು. ಆಚೆ ಆಳ. ಮೈರಿಗ್ ಬೀಸಿದ್ದನ್ನು ಎಣಿಸುತ್ತಾ ಮುಂದೆ ಹೋದ. ಹಿಂದೆ ಇದ್ವಾಲ್.

"ಏಳು... ಎಂಟು..."

ಆಗ ಇದ್ವಾಲನ ಬೆನ್ನ ಹಿಂದೆ ನೂಲು ಗಾಳಿ ಸೀಳಿತು. ಸುಯ್... ಆಮೇಲೆ ಜುಳಕ್, ಒಂದು ಹೆಜ್ಜೆ.

ಯಾರೋ ನಮ್ಮ ಗಾಳಗಾರರ ಸಂಘದವರು ಅಂದುಕೊಂಡ. ಸುಯ್... ಜುಳಕ್. ತೀರಾ ಹತ್ತಿರ.

"ಸ್ವಲ್ಪ ತಾಳಪ್ಪಾ."

ಸುಯ್... ಜುಳಕ್.

ಇದ್ವಾಲನಿಗೆ ರೇಗಿತು. "ಅಷ್ಟು ಅವಸರ ಇದ್ರೆ ನೀವೇ ಮುಂದೆ ಹೋಗಿ ಸ್ವಾಮಿ! ಮೀನೆಲ್ಲ ನಿಮಗೇ ಕಾಯ್ತಾ ಇದೆ."

ದಡದ ಬೆಣಚುಗಲ್ಲು ಸದ್ದು ಮಾಡಿತು. ಕರಕ್... ಕರಕ್... ಪಕ್ಕದಲ್ಲೇ ದಾಟಿ ಹೋಯಿತು. ಅವನಿಗೂ ಮೈರಿಗನಿಗೂ ನಡುವೆ ನೀರಿಗಿಳಿಯಿತು.

ಕೆಳಗಿಂದ ಮೈರಿಗನ ಪಿಸುಮಾತು: "ಭಾವ, ಯಾಕೆ ಹಿಂಗೆ ಮೇಲೆ ಬೀಳ್ತಿದೀರಿ?"

"ನಾನಲ್ಲ ಕಣೋ. ಯಾರೋ ನಡುವೆ ಬಂದಿದಾರೆ."

"ತಮಾಷೆ ಸಾಕು. ತಗೊಳ್ಳಿ, ಎರಡೆರಡು ಹೆಜ್ಜೆ ಇಡ್ತೀನಿ. ಆಯ್ತಾ?"

ಸುಯ್... ಜುಳಕ್, ಜುಳಕ್. "ಹದಿನೈದು..."

ಮೈರಿಗ್ ಎಣಿಸುತ್ತಿದ್ದದ್ದು ಬೀಸಿದ್ದನ್ನು. ಹೆಜ್ಜೆಗಳನ್ನಲ್ಲ. ಇದ್ವಾಲನಿಗೆ ಅದು ಹೊಳೆಯುವಷ್ಟರಲ್ಲಿ ಎಣಿಕೆ ಇಪ್ಪತ್ತೈದು ದಾಟಿತ್ತು, ಹೆಜ್ಜೆ ನಲವತ್ತರ ಹತ್ತಿರ.

"ಮೈರಿಗ್! ನಿಲ್ಲು! ದಡಕ್ಕೆ ಬಾ!"

ಮೇಲಿನ ತಿರುವಿನಲ್ಲಿ ಲಾರಿಯೊಂದು ಗೊರಗೊರ ಅಂತ ಏರುತ್ತಿತ್ತು. ಕೂಗು ಅದರಲ್ಲಿ ಮುಳುಗಿತು. ಅದರ ಬೆಳಕು ಒಂದು ಸಲ ಮಡುವಿನ ಮೇಲೆ ಹಾದುಹೋಯಿತು. ಮೈರಿಗ್ ಎದೆಯುದ್ದ ನೀರಿನಲ್ಲಿದ್ದ. ನಡುವೆ ಯಾರೂ ಇರಲಿಲ್ಲ... ಆದರೆ ಅವನ ಹಿಂದೆ ಒಂದು ಮಾರು ದೂರದಲ್ಲಿ, ಯಾರೋ ಕಾಲೂರಿ ನಿಂತ ಹಾಗೆ, ನೀರು ಎರಡಾಗಿ ಸೀಳಿ ಹರಿಯುತ್ತಿತ್ತು.

ಕತ್ತಲಾಯಿತು.

"ಇಪ್ಪತ್ತೊಂಬತ್ತು..."

ಮೂವತ್ತು ಕೇಳಲೇ ಇಲ್ಲ.

ಇದ್ವಾಲ್ ಕುತ್ತಿಗೆಯವರೆಗೆ ಇಳಿದು ತಡಕಾಡಿದ. ಏನೂ ಸಿಗಲಿಲ್ಲ. ರಸ್ತೆಗೆ ಓಡಿ ಕಾರು ತಡೆದು ಜನ ಕೂಡಿಸಿದ. ಬೆಳಗ್ಗೆ ಏಳೂಕಾಲಿಗೆ ಸೇತುವೆಯ ಕೆಳಗೆ ಮೈರಿಗ್ ಸಿಕ್ಕ. ನಾನೂ ಅಲ್ಲಿದ್ದೆ. ಮಡುವಿನ ದಡದಲ್ಲಿ, ಹುಲ್ಲಿನ ಮೇಲೆ, ಅವನ ಗಾಳದ ಕೋಲು ಮಲಗಿತ್ತು. ಒಣಗಿತ್ತು. ನೂಲನ್ನು ರಾಟೆಗೆ ಪೂರ್ತಿ ಸುತ್ತಿ, ಹುಳವನ್ನು ಹಿಡಿಯ ಹತ್ತಿರದ ಉಂಗುರಕ್ಕೆ ಸಿಕ್ಕಿಸಲಾಗಿತ್ತು... ಸರದಿ ಮುಗಿಸಿ ಮನೆಗೆ ಹೊರಟವನು ಇಡುವ ಹಾಗೆ. ನಾನೇ ಕೈಯಲ್ಲಿ ಹಿಡಿದು ನೋಡಿದೆ.

ಮೆರೆರಿದಳೂ ನೋಡಿದಳು. "ಅವರು ಮುಳುಗ್ತಾ ಇದ್ದಾಗ ನೀನು ಕೋಲು ಸುತ್ತಿಡ್ತಾ ಕೂತಿದ್ಯಾ ಅಣ್ಣಾ?"

"ದೇವರಾಣೆ ನಾನು ಮುಟ್ಟಿಲ್ಲ," ಅಂದ ಇದ್ವಾಲ್. ಅವನ ಕೋಟಿನ ಗುಂಡಿ ನಾನು ಹಾಕಿಕೊಟ್ಟೆ.

ಮೈರಿಗನಿಗೆ ಮೂವತ್ತೆಂಟು. ಮಗಳಿಗೆ ನಾಲ್ಕು. ಅಣ್ಣನ ಜೊತೆ ಮೆರೆರಿದ್ ಆಡಿದ ಕೊನೆಯ ಮಾತು ಅದೇ. ಇದ್ವಾಲ್ ಸಾಯುವವರೆಗೂ, ಇಪ್ಪತ್ತಾರು ವರ್ಷ, ಇಬ್ಬರೂ ಒಂದೇ ಬೀದಿಯಲ್ಲಿದ್ದರು.