ಒಂದೇ ಸ್ಟಾರ್ ಕೊಟ್ಟ ಕುಕ್ಕರಿನ ಬಗ್ಗೆ

ನಾನು, ಮೂವತ್ತಾರು ವರ್ಷ, ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ, ವಾಸ ಗ್ರಂಥಾಲಯದ ಹಿಂದಿನ ಕಟ್ಟಡದ ಮೂರನೇ ಮಹಡಿ, ಖುದ್ದಾಗಿ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಕಳೆದ ತಿಂಗಳು ನಾನು ಆನ್‌ಲೈನಿನಲ್ಲಿ ಒಂದು ಪ್ರೆಶರ್ ಕುಕ್ಕರ್ ತರಿಸಿದೆ. ನಾನು ದಿನವೂ ಓದುವ ಅಡುಗೆ ಬ್ಲಾಗಿನವರು ಅದನ್ನು ಬಾಯ್ತುಂಬ ಹೊಗಳಿದ್ದರು. ಕೊಂಡವರ ವಿಮರ್ಶೆಗಳೂ ನೂರಾರು ಇದ್ದವು, ಎಲ್ಲದರಲ್ಲೂ ಐದು ಸ್ಟಾರ್. ಅತ್ತೆ ಹಳೆಯದೇ ಸಾಕು ಎಂದಿದ್ದರು. ಇಷ್ಟು ಜನ ಸುಳ್ಳು ಹೇಳುತ್ತಾರೆಯೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಅದು ಬಂದ ಎರಡನೇ ವಾರ ಅತ್ತೆ ಆಲೂಗಡ್ಡೆ ಬೇಯಿಸಲು ಇಟ್ಟಾಗ ಸೀಟಿ ಬರಲಿಲ್ಲ. ನೋಡೋಣವೆಂದು ಅವರು ಕೈ ಹಾಕಿದ ಕೂಡಲೇ ಮುಚ್ಚಳ ಹಾರಿತು. ಎಡಗೈ ಮೊಣಕೈವರೆಗೆ ಬೆಂದಿದೆ. ಆಸ್ಪತ್ರೆಯಿಂದ ಬಂದ ದಿನವೇ ನಡೆದದ್ದನ್ನೆಲ್ಲ ಬರೆದು ಒಂದು ಸ್ಟಾರ್ ಕೊಟ್ಟೆ.

ನಿನ್ನೆ ಸಂಜೆ ಆರೂಕಾಲಕ್ಕೆ ಸುಮಾರು ಐವತ್ತು ವರ್ಷದ ಗಂಡಸೊಬ್ಬರು ಬಾಗಿಲು ತಟ್ಟಿ, ಆ ಕುಕ್ಕರ್ ಮಾರುವವರು ತಾವೇ ಎಂದರು. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ವಿಳಾಸ ಹೇಗೆ ಸಿಕ್ಕಿತೆಂದು ಕೇಳಿದ್ದಕ್ಕೆ, ಪಾರ್ಸೆಲ್ ಮೇಲೆ ಅದನ್ನು ಅಂಟಿಸಿದ್ದೂ ತಾವೇ ಎಂದರು. ಒಳಗೆ ಬಂದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಾನು ಬರೆದ ದಿನದಿಂದ ಆರ್ಡರ್ ನಿಂತುಹೋಗಿದೆ, ಕೆಲಸದವರನ್ನು ಬಿಡಿಸಬೇಕಾಯಿತು, ಅದನ್ನು ಅಳಿಸಿದ ಮೇಲೆಯೇ ಹೋಗುವುದು ಎಂದು ತಿಳಿಸಿದರು. ದನಿ ಏರಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅತ್ತೆ ಕಟ್ಟು ಹಾಕಿದ ಕೈ ಎತ್ತಿ ತೋರಿಸಿದರು. ಬಂದವರು ಆ ಕಡೆ ನೋಡಲಿಲ್ಲ.

ಅಳಿಸಿಬಿಡೋಣವೆಂದು ಫೋನ್ ತೆಗೆದಾಗ, ನನ್ನ ವಿಮರ್ಶೆಯ ಕೆಳಗೆ ಆಗಷ್ಟೇ ಒಬ್ಬ ಹೆಂಗಸು ಬರೆದದ್ದು ಕಂಡಿತು. ನನಗೆ ಪರಿಚಯದವರಲ್ಲ. ಗಟ್ಟಿಯಾಗಿ ಓದಿದೆ:

"ಅಕ್ಕಾ, ಒಳ್ಳೇದು ಅಂತ ಎಲ್ಲರೂ ಬರೆದಿದ್ರು, ತಗೊಂಡೆ. ಈಗ ಒಲೆ ಮೇಲಿದೆ, ಸೀಟಿನೇ ಬರ್ತಿಲ್ಲ. ನಿಮ್ದೂ ಹೀಗೇ ಆಗಿತ್ತಾ? ಮುಚ್ಚಳ ತೆಗೀಲಾ?"

ಏನು ಬರೆಯಬೇಕೆಂದು ನನಗೆ ತೋಚಲಿಲ್ಲ. ಕುಕ್ಕರಿನವರು ಬಾಗಿಲು ಬಿಟ್ಟು ನನ್ನ ಪಕ್ಕಕ್ಕೆ ಬಂದರು. ಕಿತ್ತುಕೊಳ್ಳುತ್ತಾರೆಂದು ಫೋನನ್ನು ಎದೆಗೆ ಒತ್ತಿಕೊಂಡೆ.

"ಮುಚ್ಚಳ ಮುಟ್ಟಬೇಡ ಅನ್ನಿ," ಎಂದರು. "ಒಲೆ ಆರಿಸಿ ಆಚೆ ಹೋಗ್ಲಿ. ಆ ವಾಲ್ವ್ ಕಚ್ಕೊಂಡ್ಬಿಡುತ್ತೆ. ಬೇಗ ಬರೀರಿ."

ಹಾಗೇ ಬರೆದೆ. ಉತ್ತರ ಬರುವವರೆಗೆ ಮೂವರೂ ಫೋನನ್ನೇ ನೋಡುತ್ತ ನಿಂತಿದ್ದೆವು. ಎಷ್ಟು ಹೊತ್ತೆಂದು ಹೇಳಲಾರೆ. ಕೊನೆಗೆ, ಆರಿಸಿದ್ದೇನೆ, ಮಗುವನ್ನು ಎತ್ತಿಕೊಂಡು ಹೊರಗೆ ಬಂದಿದ್ದೇನೆ ಎಂದು ಆಕೆ ಬರೆದರು.

ಅತ್ತೆ ಆ ಕುಕ್ಕರಿನವರ ಮುಖ ನೋಡಿ, "ಹಾಗಾದ್ರೆ ನಿನಗೆ ಗೊತ್ತಿತ್ತಲ್ಲಪ್ಪ," ಎಂದರು.

ಆಗ ಅವರು, ಯಾರೂ ಕೇಳದೆಯೇ, ಐದು ಸ್ಟಾರಿನವುಗಳಲ್ಲಿ ಹೆಚ್ಚಿನವು ತಾವೇ ಬರೆಸಿದ್ದು, ಬ್ಲಾಗಿನವರು ಆ ಕುಕ್ಕರನ್ನು ಒಮ್ಮೆಯೂ ಒಲೆಯ ಮೇಲೆ ಇಟ್ಟವರಲ್ಲ ಎಂದರು. ತಾವೇ ಚಿಲಕ ತೆಗೆದು ಮೆಟ್ಟಿಲಿಳಿದು ಹೋದರು.

ನಾನು ಏನನ್ನೂ ಅಳಿಸಿಲ್ಲ. ಅವರ ಮೇಲೆ ಕ್ರಮ ಕೈಗೊಳ್ಳಬೇಕು. ಆದರೆ ಆ ಹೆಂಗಸಿಗೆ ಏನು ಹೇಳಬೇಕೆಂದು ನನಗೆ ತೋಚದಿದ್ದಾಗ ಹೇಳಿಕೊಟ್ಟವರು ಅವರೇ ಎಂಬುದನ್ನೂ ಇದರಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಅದು ಬೇಡವೆಂದು ಪಕ್ಕದಲ್ಲಿ ಕೂತ ಅತ್ತೆ ಹೇಳುತ್ತಿದ್ದಾರೆ. ಸೇರಿಸಿ.

ಇಷ್ಟನ್ನೂ ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ ಹನ್ನೆರಡು, ಬೆಳಿಗ್ಗೆ
(ಸಹಿ) ದೂರುದಾರಳು