ಕಳ್ಳಬಾಯಿ ಮೀನು

ಹೂಂ ಅನ್ನೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಹೂಂಗುಡೋರಿಲ್ಲದೆ ನಾನು ಕಥೆ ಹೇಳೋದಿಲ್ಲ, ಈಗಲೇ ಹೇಳಿಬಿಟ್ಟೆ.

ಒಂದಾನೊಂದು ಕಾಲ. ಹೊಳೆ ಹೋಗಿ ಕಡಲು ಸೇರೋ ಜಾಗದಲ್ಲಿ ಒಂದೂರು. ಊರಿನ ಹೆಸರು ಕೇಳಬೇಡಿ, ಮರಳು ಅದನ್ನ ಯಾವತ್ತೋ ನುಂಗಿ ಹಾಕಿದೆ. ಆ ಊರಿನ ಕಲ್ಲುಸಂದಿಗಳಲ್ಲಿ ಒಂದು ಮೀನು. ಎಷ್ಟು ದೊಡ್ಡದು? ನನ್ನ ಈ ಬೆರಳಷ್ಟು. ಕಣ್ಣು ಮಾತ್ರ ದೊಡ್ಡದು. ಮಳೆ ಹಿಡಿಯೋ ಹೊತ್ತಿಗೆ ಅದರ ಬಾಯಿ ತುಂಬ ಮೊಟ್ಟೆ. ಹೊಟ್ಟೆಯಲ್ಲಲ್ಲ, ಕೇಳಿ, ಬಾಯಲ್ಲಿ.

ಊರವರು ಏನಂದುಕೊಂಡರು? ಯಾವುದೋ ಬಡಪಾಯಿ ಮೀನಿನ ಮೊಟ್ಟೆ ಕದ್ದು ಬಾಯಿಗೆ ತುಂಬಿಕೊಂಡಿದೆ ಅಂದುಕೊಂಡರು. ಕಳ್ಳಬಾಯಿ ಅಂತ ಹೆಸರಿಟ್ಟರು. ಚಿಪ್ಪು ಹೆಕ್ಕೋಕೆ ಹೋದವರ ಕೈಗೆ ಸಿಕ್ಕಿದರೆ ಗಲ್ಲ ಹಿಂಡಿ ಮೊಟ್ಟೆ ಉಗುಳಿಸಿ, ಕಲ್ಲಿಗೆ ಬಡಿದು, ಕಾಗೆಗೆ ಎಸೀತಿದ್ರು. ನಗಬೇಡವೋ ಮೂಲೆಯವನೇ, ಇದು ನಗೋ ಕಥೆಯಲ್ಲ.

ಆ ಊರಲ್ಲಿ ಜಟ್ಟಿ ಅಂತ ಒಬ್ಬ ಬಲೆಗಾರ. ಹೆಂಡತಿ ಸತ್ತು ಮೂರು ವರ್ಷ. ಮಾದೇವಿ ಅಂತ ಎಂಟು ವರ್ಷದ ಒಬ್ಬಳೇ ಮಗಳು. ಆ ವರ್ಷ ಜಟ್ಟಿಗೆ ಜ್ವರ ಹಿಡೀತು. ಬರೀ ಗಂಜಿ ಗಂಟಲಲ್ಲಿ ಇಳೀಲಿಲ್ಲ. ಒಂದು ತುಂಡು ಮೀನು ನೆಂಚಿಕೊಳ್ಳೋಕೆ ಇದ್ದಿದ್ರೆ ಅಪ್ಪ ನಾಲ್ಕು ತುತ್ತು ಉಣ್ತಿದ್ದ ಅಂತ ಮಗಳ ಲೆಕ್ಕ. ಆದರೆ ಅದು ಮೀನು ಮೊಟ್ಟೆ ಇಡೋ ತಿಂಗಳು. ಹೊಳೆಗೆ ಯಾರೂ ಬಲೆ ಹಾಕೋ ಹಾಗಿಲ್ಲ. ಹಾಕಿದವರಿಗೆ ಒಂದು ತಿಂಗಳು ಊರ ಬಾವಿಯಿಲ್ಲ, ಊರ ಬೆಂಕಿಯಿಲ್ಲ, ಊರ ಬಲೆಯಿಲ್ಲ. ಹೊಳೆಯಾಚೆ ಮರಳದಿಬ್ಬದ ಮೇಲೆ ಬಿಟ್ಟು ಬರ್ತಿದ್ರು. ಅವರಿಗೆ ತುತ್ತು ಕೊಟ್ಟವರಿಗೂ ಅದೇ ಗತಿ. ಮಗುವೋ ಮುದುಕನೋ, ಆ ಕಟ್ಟಳೆ ನೋಡ್ತಿರಲಿಲ್ಲ.

ಮಾದೇವಿ ಏನು ಮಾಡಿದಳು? ಗುಡಿಯ ಹಿಂದೆ ಮಡಚಿಟ್ಟಿದ್ದ ಊರ ಬಲೆಯನ್ನ ಎಳಕೊಂಡು ಹೋಗಿ ಹೊಳೆಗೆ ಎಸೆದಳು. ಎಂಟು ವರ್ಷದ ಕೈಯಲ್ಲಿ ಅದು ನಿಲ್ಲುತ್ತಾ ಮಾರಾಯ್ರೆ? ಇಳಿತದ ನೀರು ಬಲೆಯನ್ನ ಕಡಲಿಗೆ ಎಳಕೊಂಡು ಹೋಯ್ತು. ಹುಡುಗಿ ಒದ್ದೆ ಬಟ್ಟೆಯಲ್ಲಿ ನಡುಗ್ತಾ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಜಟ್ಟಿ ಅವಳ ತಲೆ ಒರೆಸಿದ. ಅವಳ ಕೈ ತನ್ನ ನೆತ್ತಿಯ ಮೇಲೆ ಇಟ್ಟುಕೊಂಡ.

"ನನ್ನಾಣೆ. ಯಾರು ಕೇಳಿದರೂ ಬಾಯಿ ಬಿಡಬೇಡ."

ಮಾರನೇ ದಿನ ಊರು ಕೂಡಿತು. ಗುಡಿಯಿಂದ ಜಟ್ಟಿಯ ಹಿತ್ತಿಲು ಹಾದು ಹೊಳೆವರೆಗೆ ಬಲೆ ಎಳೆದ ಗುರುತು, ಹಿತ್ತಿಲ ಬಾಗಿಲಲ್ಲಿ ಕಳಚಿ ಬಿದ್ದ ಬಲೆಯ ಗುಂಡುಕಲ್ಲು. ಆ ಊರಲ್ಲಿ ಒಂದು ಪದ್ಧತಿ. ಊರು ಯಾರನ್ನ ಕೇಳುತ್ತೋ ಅವನು ಬಾಯಿಗೆ ಕಡಲ ನೀರು ತುಂಬಿಕೊಳ್ಳಬೇಕು, ಉಗುಳಬೇಕು, ಆಮೇಲೆ ಮಾತಾಡಬೇಕು. ಉಪ್ಪುನೀರು ಉಗುಳಿದ ಬಾಯಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ. ಉಗುಳದೇ ಇಟ್ಟುಕೊಂಡರೆ ತಪ್ಪು ಅವನದೇ.

ಜಟ್ಟಿ ನೀರು ತುಂಬಿಕೊಂಡ. ಉಗುಳಿದರೆ ನಿಜ ಹೇಳಬೇಕು. ನಿಜ ಹೇಳಿದರೆ ಮಗಳು ಮರಳದಿಬ್ಬಕ್ಕೆ.

ಊರಿನ ನ್ಯಾಯ ನೋಡೋ ಗುರಿಕಾರ ಕೇಳಿದ, ಬಲೆ ಹಾಕಿದ್ದು ಯಾರು ಅಂತ. ಜಟ್ಟಿ ಉಗುಳಲಿಲ್ಲ. ನೀನೇನಾ ಅಂತ ಎರಡನೇ ಸಲ ಕೇಳಿದ. ಉಗುಳಲಿಲ್ಲ. ಮೂರನೇ ಸಲ ಗುರಿಕಾರನಿಗೇ ಕನಿಕರ ಬಂತು, ಜ್ವರದವನು ನೀನು, ಏನಾದರೂ ಹೇಳೋ ಅಂದ. ಜಟ್ಟಿ ಗಲ್ಲ ಉಬ್ಬಿಸಿಕೊಂಡು ಹಾಗೇ ಕೂತಿದ್ದ, ಕಣ್ಣಲ್ಲಿ ಮಾತ್ರ ನೀರು ಇಳೀತಿತ್ತು. ಜನ ಕಳ್ಳಬಾಯಿ, ಕಳ್ಳಬಾಯಿ ಅಂತ ಕೂಗಿದರು. ದೋಣಿಯಲ್ಲಿ ಕೂರಿಸಿ ಮರಳದಿಬ್ಬಕ್ಕೆ ಬಿಟ್ಟು ಬಂದರು.

ಮಗಳನ್ನ ಸೋದರತ್ತೆ ನಾಗಮ್ಮ ಇಟ್ಟುಕೊಂಡಳು. ಒಳ್ಳೆ ಹೆಂಗಸು. ಅನ್ನ ಬಡಿಸ್ತಿದ್ದಳು. ಆದರೆ ಹುಡುಗಿಗೆ ಉಣ್ಣೋಕೆ ಆಗ್ತಿರಲಿಲ್ಲ, ತಟ್ಟೆ ಬಿಟ್ಟು ಎದ್ದು ಕಲ್ಲುಗಳ ಹತ್ತಿರ ಹೋಗಿ ಕೂರ್ತಿದ್ದಳು. ಅಲ್ಲಿಂದ ಮರಳದಿಬ್ಬ ಕಾಣುತ್ತೆ, ಅದಕ್ಕೆ.

ಇಳಿತದಲ್ಲಿ ಕಲ್ಲಿನ ಗುಂಡಿಯೊಂದರಲ್ಲಿ ಎರಡು ಕಳ್ಳಬಾಯಿ ಮೀನು ಕಂಡವು. ಹೆಣ್ಣು ಮೊಟ್ಟೆಯ ಮುದ್ದೆ ಇಟ್ಟಿತು. ಗಂಡು ಅದನ್ನ ಬಾಯಿಗೆ ತುಂಬಿಕೊಂಡಿತು. ಹೆಣ್ಣು ಹೋಯ್ತು, ಗಂಡು ಉಳೀತು. ಈಗ ನುಂಗುತ್ತೆ ಅಂತ ಮಾದೇವಿ ಕಾದಳು. ನುಂಗಲಿಲ್ಲ. ಮಾರನೇ ದಿನ ಬಂದು ನೋಡಿದಳು, ಮೊಟ್ಟೆ ಹಾಗೇ ಇದೆ. ಮೂರನೇ ದಿನ ಸಿಗಡಿಮರಿ ಮೂಗಿನ ಮುಂದೆಯೇ ಹೋಯ್ತು, ಮೀನು ಬಾಯಿ ಹಾಕಲಿಲ್ಲ. ಆಗಾಗ ತುಟಿ ಚೂರು ತೆಗೆದು, ಮೊಟ್ಟೆಗಳನ್ನ ಒಳಗೇ ಹೊರಳಿಸಿ, ಹೊಸ ನೀರು ಕೊಟ್ಟು ಮತ್ತೆ ಮುಚ್ಚಿಕೊಳ್ತಿತ್ತು. ದಿನ ದಿನಕ್ಕೆ ಹೊಟ್ಟೆ ಬೆನ್ನಿಗಂಟಿತು. ಹುಡುಗಿ ತನ್ನ ಅನ್ನದ ಅಗುಳು ತಂದು ಹಾಕಿದಳು. ಮುಟ್ಟಲಿಲ್ಲ.

ಒಂಬತ್ತನೇ ದಿನ ಮೀನು ಬಾಯಿ ತೆರೀತು. ಏನು ಬಂತು ಹೇಳಿ? ಮರಿಗಳು. ಕಣ್ಣು ಮಾತ್ರ ಕಾಣೋ ಅಂಥ ಮರಿಗಳು, ಒಂದೊಂದಾಗಿ ನೀರಿಗೆ ಇಳಿದು ಹೋದವು.

ಮಾದೇವಿಗೆ ಎದೆ ಒಡೆದ ಹಾಗಾಯ್ತು. ಕಳ್ಳ ಅಲ್ಲ ಇದು, ಅಪ್ಪ. ಅಲ್ಲಿಂದ ಎದ್ದವಳು ಗುರಿಕಾರನ ಅಂಗಳದವರೆಗೆ ಓಡಿದಳು. ಬೊಗಸೆಯಲ್ಲಿ ತಂದ ಉಪ್ಪುನೀರು ಬಾಯಿಗೆ ಹಾಕಿಕೊಂಡಳು, ಊರ ಮುಂದೆ ಉಗುಳಿದಳು.

"ಬಲೆ ಹಾಕಿದ್ದು ನಾನು. ಅಪ್ಪನಿಗೆ ಮೀನು ಬೇಕಿತ್ತು. ಅಪ್ಪನ ಆಣೆ ಮುರಿದಿದ್ದೇನೆ, ನನ್ನನ್ನ ದಿಬ್ಬಕ್ಕೆ ಬಿಡಿ, ಅಪ್ಪನನ್ನ ಕರಕೊಂಡು ಬನ್ನಿ."

ಗುಂಡಿಯಲ್ಲಿ ಕಂಡದ್ದನ್ನೂ ಹೇಳಿದಳು. ಗುರಿಕಾರ ತನ್ನ ಬೆರಳುಗಳನ್ನ ನೋಡಿಕೊಂಡ. ಎಷ್ಟು ಮೀನಿನ ಗಲ್ಲ ಹಿಂಡಿದ್ದ ಬೆರಳುಗಳು ಅವು. ಯಾರನ್ನೂ ಕರೀಲಿಲ್ಲ, ತಾನೇ ದೋಣಿ ತಳ್ಳಿದ, ಹುಡುಗಿಯನ್ನ ಕೂರಿಸಿಕೊಂಡ.

ಜಟ್ಟಿ ಕೇದಗೆ ಪೊದೆಯ ಕೆಳಗೆ ಮಲಗಿದ್ದ. ಎಲುಬಿನ ಮೇಲೆ ಚರ್ಮ ಅಷ್ಟೇ. ಮಗಳು ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡು, ಅಪ್ಪಾ, ನಾನು ಹೇಳಿಬಿಟ್ಟೆ, ಇನ್ನು ಬಾಯಿ ಬಿಡು ಅಂದಳು. ಜಟ್ಟಿಯ ಒಣಗಿದ ತುಟಿ ಬಿಚ್ಚಿತು.

"ಉಂಡ್ಯಾ ಮಗಾ?"

ಒಂಬತ್ತು ದಿನದಿಂದ ಅವಳು ಸರಿಯಾಗಿ ಒಂದು ತುತ್ತು ಉಂಡವಳಲ್ಲ. ತುಟಿಯ ಮೇಲೆ ಉಪ್ಪು ಇನ್ನೂ ಆರಿರಲಿಲ್ಲ.

"ಹೂಂ ಅಪ್ಪ, ಉಂಡೆ," ಅಂದಳು.

ಜಟ್ಟಿ ಕಣ್ಣು ಮುಚ್ಚಿದ. ಮತ್ತೆ ತೆರೀಲಿಲ್ಲ.

ಉಪ್ಪುನೀರು ಉಗುಳಿದ ಬಾಯಲ್ಲಿ ಆ ಊರವರು ಹೇಳಿದ ಸುಳ್ಳು ಅದೊಂದೇ. ಗುರಿಕಾರ ಪಕ್ಕದಲ್ಲೇ ನಿಂತು ಕೇಳಿದ. ಕೇಳಿಸಲೇ ಇಲ್ಲ ಅನ್ನೋ ಹಾಗೆ ಕಡಲ ಕಡೆ ಮುಖ ತಿರುಗಿಸಿಕೊಂಡ. ಹುಡುಗಿಯನ್ನ ದಿಬ್ಬದಲ್ಲಿ ಬಿಡಲಿಲ್ಲ, ಅದೇ ದೋಣಿಯಲ್ಲಿ ಊರಿಗೆ ಕರಕೊಂಡು ಬಂದ.

ಅವತ್ತಿನಿಂದ ಆ ಮೀನಿಗೆ ಅಪ್ಪಮೀನು ಅಂತ ಹೆಸರಾಯ್ತು. ಕೈಗೆ ಸಿಕ್ಕಿದರೆ ಗಲ್ಲ ಹಿಂಡೋದಿಲ್ಲ. ಅಂಗೈಯಲ್ಲಿ ಹಿಡಿದು, ಉಂಡ್ಯಾ ಅಂತ ಕೇಳಿ, ನೀರಿಗೆ ಬಿಡ್ತಾರೆ. ಅದು ಉತ್ತರ ಕೊಡೋದಿಲ್ಲ, ಬಾಯಿ ತುಂಬ ಮಕ್ಕಳಿರುತ್ತವಲ್ಲ.

ಅವರು ಆ ದಡದಲ್ಲಿ ಉಳಿದರು, ನಾವು ಈ ದಡದಲ್ಲಿ ಕೂತಿದ್ದೇವೆ. ನನ್ನ ಬಾಯಿ ಬರಿದಾಯ್ತು. ಏಳಿ, ಮನೆಗೆ ಹೋಗಿ, ಅಪ್ಪಂದಿರು ಉಂಡರಾ ಕೇಳಿ.