ಚೆಲುವಯ್ಯನ ಕೊಂದೋರು ಯಾರು?

ಹೂಂ ಅನ್ನೋರು ಮುಂದೆ ಬರ್ರಪ್ಪ, ಆಕಳಿಸೋರು ಹಿಂದೆ ಸರೀರಿ. ಒಂದಾನೊಂದು ಸೀಮೆ. ಯಾವ ಸೀಮೆ? ಹೊಳೆಗೆ ಗೊತ್ತು, ಹೊಳೆ ಮೀನಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಹೊಳೆ ದಡದಲ್ಲಿ ಒಂದೂರು. ಊರಿಗೊಬ್ಬ ದೊರೆ, ಹೊಳೆಗೊಂದು ಹರಿಗೋಲು. ಹರಿಗೋಲು ನಡೆಸೋನು ಮರಿಕಾಳ. ಅವನ ಹೆಂಡ್ತಿ ಹೊಂಬಾಳಮ್ಮ. ಕೇಳಿ, ಈ ಕಥೆ ಅವಳದ್ದು.

ಆ ಊರಲ್ಲಿ ಚೆಲುವಯ್ಯ ಅಂತ ಪೈಲ್ವಾನ ಇದ್ದ. ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನ ಕಂಡೋರೇ ಇಲ್ಲ. ಎಷ್ಟು ಜನ ಬಂದ್ರು, ಅಷ್ಟೂ ಜನ ಮಣ್ಣು ಮುಕ್ಕಿದ್ರು. ಒಂದಿನ ಮಧ್ಯಾಹ್ನ ಅವನು ಮರಿಕಾಳನ ಹರಿಗೋಲು ಹತ್ತಿದ. ಊರೆಲ್ಲ ನೋಡ್ತು. ಮಾರನೇ ದಿನ ಅವನ ಹೆಣ ಹೊಳೆ ಹರಿಯೋ ಕೆಳಗಡೆ ಜೊಂಡುಹುಲ್ಲಿನಲ್ಲಿ ಸಿಕ್ತು. ಮೈಮೇಲೆ ಕತ್ತಿ ಗಾಯ ಇಲ್ಲ, ಕೋಲಿನ ಬಾಸುಂಡೆ ಇಲ್ಲ, ಒಂದು ತೊಟ್ಟು ರಕ್ತ ಇಲ್ಲ.

"ಆ ದಡದಲ್ಲಿ ಇಳಿಸ್ದೆ ಬುದ್ಧಿ. ಕೈ ಬೀಸ್ಕೊಂಡು ಹೋದ," ಅಂದ ಮರಿಕಾಳ ದೊರೆ ಮುಂದೆ.

ನಂಬೋರ್ಯಾರು? ಚೆಲುವಯ್ಯನಿಗೆ ಈಜು ಬರ್ತಿರಲಿಲ್ಲ. ನಡುನೀರಲ್ಲಿ ಹರಿಗೋಲು ಮಗುಚಿದ್ರೆ ಎಂಥಾ ಪೈಲ್ವಾನನೂ ಗುಂಡುಕಲ್ಲೇ. ದೊರೆಗೆ ಸಾಕ್ಷಿ ಸಿಗಲಿಲ್ಲ, ಅನುಮಾನವೂ ಹೋಗಲಿಲ್ಲ. "ನಿಜ ಹೊರಗೆ ಬರೋ ತನಕ ನೀನು ಒಳಗಿರು," ಅಂತ ಮರಿಕಾಳನ್ನ ಸೆರೆಗೆ ಹಾಕಿಸ್ದ.

ಹೊಂಬಾಳಮ್ಮ ಸೆರೆಮನೆ ಕಿಂಡಿ ಹತ್ರ ಹೋದ್ಲು. "ಹೊಂಬಾಳೂ, ನೀನಾದ್ರೂ ನಂಬ್ತೀಯಾ?" ಅಂದ ಗಂಡ.

"ನಂಬದೇನೇ ನಿನ್ನ ಹರಿಗೋಲಿನ ಹುಟ್ಟು ಕೈಗೆ ತಗೊಂಡೆನಾ?" ಅಂದ್ಲು.

ಹೌದು, ಅವಳೇ ಹರಿಗೋಲು ನಡೆಸಕ್ಕೆ ನಿಂತ್ಲು. ವರ್ಷ ಉರುಳಿದ್ವು. ಊರು ಮರೀತಾ? ಎಲ್ಲಿಯ ಮರೆಯೋದು! ಅರಳಿಕಟ್ಟೆ ಮೇಲೆ ಅದೇ ಮಾತು. ಭತ್ತ ಕುಟ್ಟೋವಾಗ ಅದೇ ಮಾತು. ಮದುವೆ ಊಟಕ್ಕೆ ಕೂತ್ರೂ ಅದೇ ಮಾತು. "ಮೋಹಿನಿ ಎಳ್ಕೊಂಡೋದ್ಲು," ಅಂತ ಒಬ್ಬ. "ಮದ್ದು ಹಾಕವ್ರೆ," ಅಂತ ಇನ್ನೊಬ್ಬ. "ಅಂಬಿಗನೇ ಮುಳುಗಿಸ್ದ," ಅಂತ ಉಳಿದೋರೆಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಷ್ಟಕ್ಕೇ ಮುಗೀತಾ? ಪರಸ್ಥಳದಿಂದ ಜನ ಬುತ್ತಿ ಕಟ್ಕೊಂಡು ಬರೋರು. ಹೊಳೆ ದಾಟೋ ಕೆಲಸ ಇಲ್ಲ, ಹರಿಗೋಲು ನೋಡೋ ಚಪಲ! "ಇದೇನಾ ಅದು? ಅವನು ಯಾವ ಕಡೆ ಕೂತಿದ್ನವ್ವಾ?" ಒಬ್ಬ ಮಹರಾಯ ಬಿದಿರಿನ ಸಿಬಿರು ಕಿತ್ತು, ಮನೆಯೋರಿಗೆ ತೋರಿಸ್ಬೇಕು ಅಂತ ರುಮಾಲಿಗೆ ಸಿಕ್ಕಿಸ್ಕೊಂಡ. ಹೊಂಬಾಳಮ್ಮ ಹಲ್ಲು ಕಚ್ಚಿ ಹುಟ್ಟು ಹಾಕಿದ್ಲು.

ಹಾಕ್ತಾ ಹಾಕ್ತಾ ಅವಳಿಗೆ ಒಂದು ಯೋಚನೆ ಹೊಳೀತು. ಏನದು? "ಕಂಡಿಲ್ಲದೋರಿಗೇ ಈ ಕಥೆ ಇಷ್ಟು ಎಳೀತದಲ್ಲ, ಕೊಂದೋನನ್ನ ಇನ್ನೆಷ್ಟು ಎಳೀಬೇಕು? ಹುಣ್ಣಿದ್ದ ಕಡೆಗೇ ಕೈ ಹೋಗೋದು. ಅವನೂ ಕೇಳಕ್ಕೆ ಬಂದೇ ಬರ್ತಾನೆ. ನಾನು ಸುಳ್ಳು ಹೇಳ್ತೀನಿ. ಸುಳ್ಳಿಗೆ ಯಾರ ಮುಖ ಕೆಂಪಾಗ್ತದೆ, ನೋಡೇಬಿಡಣ."

ಅವತ್ತಿಂದ ಹರಿಗೋಲು ಹತ್ತಿದೋರಿಗೆಲ್ಲ ಅವಳೇ ಕಥೆ ಹೇಳಕ್ಕೆ ಶುರು ಮಾಡಿದ್ಲು. "ಮಜ್ಜಿಗೇಲಿ ಉಮ್ಮತ್ತಿ ಬೀಜ ಅರೆದು ಕೊಟ್ರಂತೆ. ಕುಡಿದ, ತಲೆ ಸುತ್ತಿತು, ನೀರಿಗೆ ಬಿದ್ದ."

"ಅಯ್ಯೋ ಪಾಪ!" ಅಂದ್ರು ಎಲ್ರೂ. ಒಬ್ಬ ಮಾತ್ರ ಅನ್ನಲಿಲ್ಲ. ಹರಿಗೋಲಿನ ಅಂಚಿಗೆ ಫಟ್ ಅಂತ ಹೊಡೆದು, "ಮಜ್ಜಿಗೆಗೆ ಸಾಯೋ ಆಳಾ ಅವನು?" ಅಂದ.

ಯಾರವನು? ಗವಿರಂಗ. ಚೆಲುವಯ್ಯ ಸತ್ತ ಮೇಲೆ ಊರಿಗೆ ಅವನೇ ದೊಡ್ಡ ಪೈಲ್ವಾನ. ಚಟ್ಟಕ್ಕೆ ಹೆಗಲು ಕೊಟ್ಟೋನು, ಎಲ್ರಿಗಿಂತ ಜೋರಾಗಿ ಅತ್ತೋನು. ಅವನು ಎಷ್ಟು ಕುಸ್ತಿ ಗೆದ್ರೂ ಜನ ಒಂದೇ ಮಾತು ಅನ್ನೋರು: "ಏನೇ ಆಗ್ಲಿ ಗವಿರಂಗಾ, ಚೆಲುವಯ್ಯನ ಮುಂದೆ ನೀನು ಎಳಗರು."

ಎಂಟು ದಿನ ಕಳೀಲಿಲ್ಲ, ಗವಿರಂಗ ಮತ್ತೆ ಬಂದ. ಆ ದಡದಲ್ಲಿ ಅವನಿಗೇನು ಹೊಲವಾ, ಮನೆಯಾ, ನೆಂಟರಾ? ಏನೂ ಇಲ್ಲ. ಇಳಿದ, ಅದೇ ಹರಿಗೋಲು ಹತ್ತಿ ವಾಪಸ್ ಕೂತ. "ಹೇಳವ್ವಾ, ಇವತ್ತು ಜನ ಏನಂತಾರೆ?"

"ಮಜ್ಜಿಗೆ ಅಲ್ವಂತೆ ಅಣ್ಣಾ. ಹತ್ತಾಳು ದೊಣ್ಣೆ ಹಿಡ್ಕೊಂಡು ಬಂದು ಅಮುಕಿದ್ರಂತೆ."

ಗವಿರಂಗನ ಕತ್ತಿನ ನರ ಹಗ್ಗದ ಹಂಗೆ ಉಬ್ಬಿತು. "ಹತ್ತಾಳು ಯಾಕೆ ಬೇಕು? ಗಂಡಸಾದೋನು ಒಬ್ಬ ಸಾಲದಾ?"

ಹೊಂಬಾಳಮ್ಮ ಬೇಗ ಬೇಗ ಹುಟ್ಟು ಹಾಕಿದ್ಲು. ಅಂಜಿಕೆಯಾ? ಅಂಜಿಕೆಯೂ ಹೌದು, ಸಂತೋಷವೂ ಹೌದು. ಇವನು ಗೆದ್ದವ್ನೆ, ಗೆದ್ದೆ ಅನ್ನಕ್ಕಾಗ್ದೆ ಒಳಗೇ ಬೇಯ್ತಾ ಅವ್ನೆ ಅಂತ ಅವಳಿಗೆ ಖಾತ್ರಿ ಆಯ್ತು. ಖಾತ್ರಿ ಆದ್ರೆ ಸಾಕಾ? ಊರ ಮುಂದೆ ಅವನ ಬಾಯಿಂದಲೇ ಬರಬೇಕು.

ನೆಟ್ಟಗೆ ದೊರೆ ಹತ್ರ ಹೋದ್ಲು. "ಬುದ್ಧಿ, ಸಂತೆ ದಿನ ಹೊಂಗೆ ಮರದ ಕೆಳಗೆ ಚೆಲುವಯ್ಯನ ಕಥೆ ಹೇಳ್ತೀನಿ. ತಾವೂ ಬರ್ಬೇಕು. ಚೆಲುವಯ್ಯನ ತಾಯಿ ಸಾಕಜ್ಜೀನೂ ಕರೆಸ್ಬೇಕು. ನಾನು ಸುಳ್ಳು ಹೇಳ್ತೀನಿ, ನಡುವೆ ಬಾಯಿ ಹಾಕ್ಬೇಡಿ."

ದೊರೆಗೂ ಆ ಒಗಟಿನ ಹುಚ್ಚು ಇತ್ತು ನೋಡಿ! "ಹೂಂ," ಅಂದ.

ಸಂತೆ ದಿನ ಬಂತು. ತಕ್ಕಡಿ ಕೆಳಗಿಟ್ಟು ವ್ಯಾಪಾರಿಗಳು ಬಂದ್ರು, ಕೂಸು ಕಂಕುಳಲ್ಲಿಟ್ಟು ಹೆಂಗಸ್ರು ಬಂದ್ರು. ಗವಿರಂಗ ಎಲ್ರಿಗಿಂತ ಮುಂದೆ, ಮಂಡಿ ಮೇಲೆ ಕೈಯೂರಿ ಕೂತ.

ಹೊಂಬಾಳಮ್ಮ ಎದ್ದು ನಿಂತ್ಲು. ಸೆರೆಮನೆ ಕಿಂಡಿ ಕಣ್ಮುಂದೆ ತಂದ್ಕೊಂಡು ದನಿ ಎತ್ತಿದ್ಲು.

"ಕೇಳಿ ಮಹಾಜನಗಳೇ! ಮೋಹಿನಿ ಅಲ್ಲ, ಮದ್ದಲ್ಲ, ದೊಣ್ಣೆ ಅಲ್ಲ. ಚೆಲುವಯ್ಯ ಪಾಚಿ ಮೇಲೆ ಕಾಲಿಟ್ಟ, ಜಾರಿದ, ಸತ್ತ. ಅಷ್ಟೇ! ಅವನ ಮೈ ಮುಟ್ಟೋ ಗಂಡು ಆಗಲೂ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಹುಟ್ಟೋದೂ ಇಲ್ಲ. ಈ ಊರಲ್ಲಿ ಈಗ ಇರೋರೆಲ್ಲ ಅವನ ಕಾಲ ಧೂಳು!"

ಜನ ಹೋ ಅಂತ ಚಪ್ಪಾಳೆ ಹೊಡೆದ್ರು. ಗವಿರಂಗ ಧಡಕ್ಕನೆ ಎದ್ದ.

"ಸುಳ್ಳು! ಜಾರಿ ಬೀಳೋನಾ ಅವನು? ಆ ದಡದ ಬಂಡೆ ಹತ್ರ ಕಾಲು ತೊಳೆಯಕ್ಕೆ ಬಗ್ಗಿದ್ದ. ಕತ್ತಿಗೆ ಪಟ್ಟು ಬಿತ್ತು. ಎಡಭುಜ ಲಟಕ್ ಅಂತ ಕಳಚ್ತು, ಮೈ ನೀರಿಗೆ ಬಿತ್ತು. 'ಬಿಡೋ ಅಣ್ಣಾ' ಅಂತ ಬೇಡ್ಕೊಂಡ, ನಿಮ್ಮ ಸೋಲಿಲ್ಲದ ಚೆಲುವಯ್ಯ!"

ಸಂತೆಗೆ ಸಂತೆಯೇ ಅವನ ಕಡೆ ತಿರುಗ್ತು.

"ಬೇಡ್ಕೊಂಡಿದ್ದು ಯಾರಿಗೆ ಕೇಳಿಸ್ತು ಅಣ್ಣಾ?" ಅಂದ್ಲು ಹೊಂಬಾಳಮ್ಮ, ಮೆತ್ತಗೆ.

ಅಷ್ಟರಲ್ಲಿ ಸಾಕಜ್ಜಿ ಕೋಲೂರಿ ಎದ್ಲು. "ಬುದ್ಧಿ, ನನ್ನ ಮಗನ ಮೈ ತೊಳೆದು ಕೊನೇ ನೀರು ಹಾಕಿದೋಳು ನಾನೊಬ್ಳೇ. ಎಡಭುಜ ಕಳಚಿತ್ತು. ಹೊಳೆ ಬಂಡೆಗೆ ಬಡೀತೇನೋ ಅಂದ್ಕೊಂಡು ಯಾರಿಗೂ ಹೇಳ್ನಿಲ್ಲ. ಇವನಿಗೆ ಹೆಂಗೆ ಗೊತ್ತಾಯ್ತು, ಕೇಳಿ."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ಇವನು ಕುಂಬಳಕಾಯೀನೇ ಎತ್ತಿ ತೋರಿಸ್ಬಿಟ್ಟ. ದೊರೆ ಆಳುಗಳು ಸುತ್ತುವರಿದ್ರು. ಆಗಲೂ ಎದೆ ಬಡ್ಕೊಂಡು ಕೂಗ್ದ: "ಹೌದು, ನಾನೇ! ಹೊಳೆ ಈಜಿ ಹೋಗಿ ಅವನ್ನ ಗೆದ್ದೋನು ನಾನೊಬ್ನೇ!"

ಸಾಕಜ್ಜಿ ಅವನ ಮುಖ ನೋಡಿ ಅಂದ್ಲು: "ಹಿಂದಿಂದ ಬಂದು ಅಮುಕೋದಕ್ಕೆ ಕುಸ್ತಿ ಅನ್ನಲ್ಲ ಕಣಪ್ಪಾ. ನನ್ನ ಮಗ ಸೋತಿಲ್ಲ."

ಆ ಮಾತಿಗೆ ಗವಿರಂಗನ ತಲೆ ತಗ್ಗಿತು ನೋಡಿ, ಮತ್ತೆ ಏಳಲಿಲ್ಲ. ಅವನು ಒಳಗೆ ಹೋದ ಸೆರೆಮನೆ ಬಾಗಿಲಲ್ಲೇ ಮರಿಕಾಳ ಹೊರಗೆ ಬಂದ. ಗಡ್ಡ ಎದೆಗಿಳಿದಿತ್ತು, ಬಿಸಿಲು ಕಣ್ಣಿಗೆ ಚುಚ್ತಿತ್ತು. ಹೊಂಬಾಳಮ್ಮ ಸೆರಗಲ್ಲಿ ಅವನ ಮುಖ ಒರೆಸಿದ್ಲು. "ನಡಿ, ಹೊಳೆ ಕಾಯ್ತಾ ಐತೆ," ಅಂದ್ಲು. ತಮಟೆ ಬಡ್ಕೊಂಡು, ಕೇಕೆ ಹಾಕ್ಕೊಂಡು ಊರು ಅವರ ಹಿಂದೆ ನಡೀತು. ದೊರೆ ಸಿಂಹಾಸನದ ಮೇಲೆ ಕೂತು ಕ್ಷಮೆ ಕೇಳ್ಲಿಲ್ಲ, ಹೊಳೆ ದಡಕ್ಕೇ ಬಂದು ಮರಿಕಾಳನ ಕೈ ಹಿಡ್ಕೊಂಡು ಕೇಳ್ದ.

ಎಲ್ರೂ ಖುಷಿಯಾದ್ರಾ? ಇಲ್ಲ ಕಣ್ರಪ್ಪ! ಅರಳಿಕಟ್ಟೆ ಯಜಮಾನ್ರು ಮುಖ ಇಳಿಬಿಟ್ಕೊಂಡು ದಡಕ್ಕೆ ಬಂದ್ರು. "ಅಲ್ಲ ಕಣವ್ವಾ, ಒಗಟು ಬಿಡಿಸ್ಬಿಟ್ಟೆ. ನಾಳೆಯಿಂದ ನಾವು ಕಟ್ಟೆ ಮೇಲೆ ಕೂತು ಏನಂತ ಮಾತಾಡೋದು?"

ಹೊಂಬಾಳಮ್ಮ ಹುಟ್ಟನ್ನ ಗಂಡನ ಕೈಗಿತ್ತು, ಹರಿಗೋಲಲ್ಲಿ ಹಾಯಾಗಿ ಕಾಲು ಚಾಚಿ ಕೂತ್ಲು.

"ಮಾತಿಗೇನು ಬರ ಯಜಮಾನ್ರೇ? ಪಾಪದೋನನ್ನ ಇಷ್ಟು ವರ್ಷ ಕೊಲೆಗಾರ ಅಂದ್ರಲ್ಲ, ಯಾಕೆ ಅಂದ್ವಿ ಅಂತ ಮಾತಾಡಿ. ಆ ಒಗಟು ನನಗೂ ಬಿಡಿಸಕ್ಕಾಗಿಲ್ಲ!"

ಅವರ ಹರಿಗೋಲು ಆ ದಡ ಮುಟ್ತು, ನನ್ನ ಮಾತು ಈ ದಡ ಮುಟ್ತು. ಕೇಳಿದೋರ ನಾಲಿಗೆ ಮೇಲೆ ನಿಜ ನಿಲ್ಲಲಿ, ಹೇಳಿದೋಳಿಗೆ ಒಂದು ಎಲೆ ಅಡಿಕೆ ಸಿಗಲಿ.